ಮೂರನೇ ಬ್ಯಾಟರಿಗೆ ಮೊದಲು

(ಶಾಲೆಯ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಇನ್ನೊಬ್ಬರು ಬ್ಯಾಂಕಿನ ಅಧಿಕಾರಿ. ನಾನು ವಿಜಯನಗರದಲ್ಲಿ ದ್ವಿಚಕ್ರ ವಾಹನ ರಿಪೇರಿ ಮಾಡುವವನು. ಮೇಡಂ ಫೋನ್ ಮಾಡಿ ಬರಬೇಕು ಅಂದಾಗ ಯಾರದೋ ಗಾಡಿ ಕೆಟ್ಟಿರಬೇಕು ಅಂದುಕೊಂಡೆ. ಭಾಷಣಕ್ಕೆ ಅಂದಾಗ, ‘ನನಗೆ ಗೊತ್ತಿರುವುದು ಬ್ಯಾಟರಿ, ಕಾಯಿಲ್ಲು, ವೈರು, ಅಷ್ಟೇ ಮೇಡಂ’ ಅಂದೆ. ‘ಅದನ್ನೇ ಹೇಳಿ’ ಅಂದರು. ಅದನ್ನೇ ಹೇಳುತ್ತೇನೆ. ಅದರ ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಆ ತಪ್ಪಿಗೂ ಈ ಶಾಲೆಯ ವಿಜ್ಞಾನದ ಕೋಣೆಗೂ ಸಂಬಂಧವಿದೆ.

ನಾನು ಇಲ್ಲಿ ಹತ್ತನೇ ತರಗತಿ ಓದಿದ್ದು 1989ರಲ್ಲಿ. ಓದಿದೆ ಅನ್ನುವುದಕ್ಕಿಂತ ಕೂತಿದ್ದೆ ಅನ್ನುವುದು ಸರಿ. ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಬೀರುವಿನಿಂದ ಮರದ ಪೆಟ್ಟಿಗೆಯೊಂದನ್ನು ತಂದರು. ಗ್ಯಾಲ್ವನೋಮೀಟರ್. ಅದರ ಮುಳ್ಳು ಸೊನ್ನೆಯ ಮೇಲೆ, ನಟ್ಟ ನಡುವೆ ನಿಂತಿತ್ತು. ತಾಮ್ರದ ತಂತಿ ಸುತ್ತಿದ ಒಂದು ಸುರುಳಿಗೆ ಅದನ್ನು ಜೋಡಿಸಿ, ಆಯಸ್ಕಾಂತವನ್ನು ಒಳಗೆ ತಳ್ಳಿದರು. ಮುಳ್ಳು ಒಂದು ಕಡೆ ವಾಲಿತು. ಎಳೆದರು, ಇನ್ನೊಂದು ಕಡೆ ವಾಲಿತು. ಒಳಗೇ ಬಿಟ್ಟು ಸುಮ್ಮನೆ ನಿಂತರು, ಮುಳ್ಳು ಸೊನ್ನೆಗೆ ಬಂತು. ‘ಆಯಸ್ಕಾಂತ ಇದ್ದರೆ ಸಾಲದು ಕಣ್ರೋ, ಅದು ಆಡುತ್ತಿರಬೇಕು’ ಅಂದರು. ಫ್ಯಾರಡೆ 1831ರಲ್ಲಿ ಕಂಡದ್ದು ಇದನ್ನೇ ಅಂದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ನಮ್ಮ ಬೆಂಗಳೂರಿಗೆ ಕರೆಂಟು ಬಂದದ್ದೂ ಇದರಿಂದಲೇ ಅಂತ ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು, ಆ ಆಯಸ್ಕಾಂತವನ್ನು ಮನೆಗೆ ಹೇಗೆ ಒಯ್ಯುವುದು ಅಂತ ಯೋಚಿಸುತ್ತಿದ್ದೆ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈ ಕೊಟ್ಟಿತು. ಎರಡನೇ ಸಲಕ್ಕೆ ಪಾಸಾದೆ. ಆಮೇಲೆ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್ ಹತ್ತಿರದ ಒಂದು ಗ್ಯಾರೇಜಿನಲ್ಲಿ ಉಸ್ತಾದ್ ಒಬ್ಬರ ಕೈ ಕೆಳಗೆ ಸೇರಿಕೊಂಡೆ. ಅವರ ಕೈಗೆ ಬರುತ್ತಿದ್ದದ್ದು ಹೆಚ್ಚಾಗಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಮತ್ತು ಬುಲೆಟ್. ಆಗಿನ ಹಳೆ ಜಾವಾಗಳಲ್ಲಿ 6 ವೋಲ್ಟ್ ಬ್ಯಾಟರಿ. ಬುಲೆಟ್‌ನ ಹೆಡ್‌ಲೈಟ್ ಮೇಲೆ ಒಂದು ಪುಟ್ಟ ಆಂಪಿಯರ್ ಮೀಟರ್ ಇರುತ್ತಿತ್ತು, ಮುಳ್ಳು ನಟ್ಟ ನಡುವೆ. ಬ್ಯಾಟರಿಗೆ ಕರೆಂಟು ಹೋಗುತ್ತಿದ್ದರೆ ಒಂದು ಕಡೆ, ಬ್ಯಾಟರಿಯಿಂದ ಹೊರಗೆ ಹೋಗುತ್ತಿದ್ದರೆ ಇನ್ನೊಂದು ಕಡೆ. ಮೊದಲ ದಿನ ನೋಡಿದಾಗಲೇ ‘ಅರೆ, ಇದು ನಮ್ಮ ಮೇಷ್ಟ್ರ ಪೆಟ್ಟಿಗೆ!’ ಅನ್ನಿಸಿತು. ಆದರೆ ಆ ಸಂಬಂಧ ಅಲ್ಲಿಗೇ ನಿಂತಿತು. ಉಸ್ತಾದ್ ಕಿವಿಯಿಂದ, ಕೈಯಿಂದ ಕೆಲಸ ಮಾಡುವವರು. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಬ್ಯಾಟರಿಯ ಎರಡು ಟರ್ಮಿನಲ್‌ಗೂ ವೈರು ತಾಗಿಸಿ ಕಿಡಿ ನೋಡಿ ‘ಇದೆ’, ‘ಇಲ್ಲ’ ಅನ್ನುತ್ತಿದ್ದರು. ನಾನೂ ಅದನ್ನೇ ಕಲಿತೆ. 1998ರಲ್ಲಿ ಸ್ವಂತ ಅಂಗಡಿ ಹಾಕಿದಾಗಲೂ ಅದನ್ನೇ ಮಾಡಿದೆ.

ಮಕ್ಕಳೇ, ಆ ಕಿಡಿ ಹೊಡೆಯುವ ಕೆಲಸವನ್ನು ನೀವು ಯಾರೂ ಮಾಡಬೇಡಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಒಂದು ಕಿಡಿ ಸಾಕು, ಡಬ್ಬ ಒಡೆದು ಆಸಿಡ್ ಮುಖಕ್ಕೆ ಹಾರುತ್ತದೆ.

ಈಗ ತಪ್ಪಿನ ಕಥೆಗೆ ಬರುತ್ತೇನೆ. 2009ನೇ ಇಸವಿ. ಹೂವಿನ ವ್ಯಾಪಾರ ಮಾಡುವ ಒಬ್ಬರು ನನ್ನ ಖಾಯಂ ಗಿರಾಕಿ. ಬೆಳಗಿನ ಜಾವ ಮೂರೂವರೆಗೆ ಎದ್ದು ಕೆ.ಆರ್. ಮಾರ್ಕೆಟ್‌ಗೆ ಹೋಗಿ, ಸೇವಂತಿಗೆ, ಕನಕಾಂಬರ, ಮಲ್ಲಿಗೆ ಮೂಟೆ ಕಟ್ಟಿಕೊಂಡು ಆರರೊಳಗೆ ವಿಜಯನಗರಕ್ಕೆ ಬರಬೇಕು. ಅವರ ಹೆಂಡತಿ ಅಂಗಡಿಯಲ್ಲಿ ಕೂತು ಕಟ್ಟುತ್ತಾರೆ. ಗಾಡಿ 150 ಸಿಸಿ, ಬರೀ ಸೆಲ್ಫ್, ಕಿಕ್ಕರ್ ಇಲ್ಲ. ಮಾರ್ಚ್‌ನಲ್ಲಿ ಒಂದು ದಿನ ಬಂದು ‘ಅಣ್ಣ, ಸೆಲ್ಫ್ ಎತ್ತುತ್ತಿಲ್ಲ, ಕಟ್ ಕಟ್ ಅಂತದೆ’ ಅಂದರು. ಬ್ಯಾಟರಿಗೆ ಎರಡೂವರೆ ವರ್ಷವಾಗಿತ್ತು. ‘ಆಯಸ್ಸು ಮುಗಿದಿದೆ’ ಅಂದು ಹೊಸದು ಹಾಕಿದೆ. ಹಳೆಯದು ಗುಜರಿಗೆ ಹೋಯಿತು. ಗಾಡಿ ಹುಲಿಯ ಹಾಗೆ ಎದ್ದಿತು. ಅವರೂ ಖುಷಿ, ನಾನೂ ಖುಷಿ.

ಮೇ ಕೊನೆಗೆ ಮತ್ತೆ ಅದೇ ಕಟ್ ಕಟ್. ಬ್ಯಾಟರಿಯದೇ ದೋಷ, ಸರಕು ಸರಿ ಬಂದಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ವಾರಂಟಿಯ ಚೀಟಿ ಅವರು ಕಳೆದುಕೊಂಡಿದ್ದರು. ಎರಡನೆಯ ಬ್ಯಾಟರಿಯನ್ನು ಸ್ವಲ್ಪ ಕಡಿಮೆ ಬೆಲೆಗೆ ಹಾಕಿಕೊಟ್ಟು ದೊಡ್ಡ ಉಪಕಾರ ಮಾಡಿದವನ ಹಾಗೆ ಕಳಿಸಿದೆ. ತೆಗೆದ ಬ್ಯಾಟರಿ, ಪುಣ್ಯಕ್ಕೆ, ಗುಜರಿಗೆ ಹೋಗದೆ ನನ್ನ ಅಂಗಡಿಯ ಮೂಲೆಯಲ್ಲಿ ಉಳಿಯಿತು.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ. ಆ ದಿನ ಹೂವಿನ ಬೆಲೆ ಏನಾಗಿರುತ್ತದೆ ಅಂತ ನಿಮ್ಮ ಅಮ್ಮಂದಿರನ್ನು ಕೇಳಿ. ಹೂವಿನವರಿಗೆ ವರ್ಷದ ಬಾಡಿಗೆ, ಮಕ್ಕಳ ಫೀಸು ಎಲ್ಲ ಆ ಎರಡು ದಿನದಲ್ಲಿ ಹುಟ್ಟಬೇಕು. ಸಾಲ ತಂದು ಹೂವು ಎತ್ತಿದ್ದಾರೆ. ಮಳೆ. ಮಾಗಡಿ ರಸ್ತೆ ಟೋಲ್‌ಗೇಟ್ ಹತ್ತಿರ ಸಿಗ್ನಲ್‌ನಲ್ಲಿ ಗಾಡಿ ಆಫ್ ಆಯಿತು. ಸೆಲ್ಫ್ ಒತ್ತಿದರೆ ಮೀಟರಿನ ದೀಪವೂ ಹೋಯಿತು. ಅಷ್ಟು ಭಾರ ಹೊತ್ತ ಗಾಡಿಯನ್ನು ಒಬ್ಬರೇ ತಳ್ಳಿಕೊಂಡು ನನ್ನ ಅಂಗಡಿಯವರೆಗೆ ಬಂದರು. ನಾನು ಬಾಗಿಲು ತೆಗೆದದ್ದು ಎಂಟೂವರೆಗೆ. ಅವರು ಮೆಟ್ಟಿಲ ಮೇಲೆ ಕೂತಿದ್ದರು. ಮೂಟೆಯಲ್ಲಿ ಮಲ್ಲಿಗೆ ನೆನೆದು ಬಣ್ಣ ತಿರುಗುತ್ತಿತ್ತು. ಬೈಯಲಿಲ್ಲ. ‘ಏನಣ್ಣ, ಮೂರನೆಯದೂ ಹಾಕ್ತೀರಾ?’ ಅಂದರು, ಅಷ್ಟೇ.

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಎರಡು ಸಲವೂ ಏನನ್ನೂ ಅಳೆದಿರಲಿಲ್ಲ. ಅಂಗಡಿಯಲ್ಲಿ ಮಲ್ಟಿಮೀಟರ್ ಇತ್ತು. ಎಸ್.ಪಿ. ರಸ್ತೆಯಿಂದ ತಂದು ಡಬ್ಬದಲ್ಲೇ ಇಟ್ಟಿದ್ದೆ. ಅದರ ಮೇಲಿನ ಧೂಳು ಒರೆಸಿ ತೆಗೆದೆ. ಮೊದಲು ಅವರ ಹೂವನ್ನು ನನ್ನ ಹುಡುಗನ ಗಾಡಿಯಲ್ಲಿ ಕಳಿಸಿದೆ, ಆಮೇಲೆ ಕೂತೆ.

ಅವತ್ತು ನಾನು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ಅಂಗಡಿಯಲ್ಲಿ ಅದೇ ಕ್ರಮ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದೆ. ಗಾಡಿ ಓಡಿಸಿದ ಕೂಡಲೇ ಅಳೆದರೆ ಸುಳ್ಳು ಹೇಳುತ್ತದೆ, ಕೆಲವು ಗಂಟೆ ಬಿಟ್ಟು ಅಳೆಯಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6ರಿಂದ 12.8 ತೋರಿಸುತ್ತದೆ. 12.4 ಇದ್ದರೆ ಮುಕ್ಕಾಲು ಭಾಗ ತುಂಬಿದೆ ಅಂತ. 12ಕ್ಕೆ ಬಂದರೆ ತಳ ಕಾಣುತ್ತಿದೆ. ‘12 ವೋಲ್ಟ್ ಬ್ಯಾಟರಿಯಲ್ಲಿ 12 ಇದೆಯಲ್ಲ, ಸರಿ ಇದೆ’ ಅನ್ನುವವರು ಇವತ್ತೂ ಇದ್ದಾರೆ. ನಮ್ಮ ಗಾಡಿಯಲ್ಲಿ 11.4 ಇತ್ತು. ಸತ್ತಿದೆ ಅನ್ನಲು ಇದು ಸಾಲದು, ಹಸಿದಿದೆ ಅಂತಲೂ ಆಗಬಹುದು. ಮೂಲೆಯಲ್ಲಿದ್ದ ಹಿಂದಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಸದ್ಯಕ್ಕೆ ಬೇರೆ ಗಾಡಿಯ ಒಳ್ಳೆಯ ಬ್ಯಾಟರಿ ಜೋಡಿಸಿದೆ. ಸೆಲ್ಫ್ ಒತ್ತುವಾಗ ಮೀಟರ್ 10.8ಕ್ಕೆ ಇಳಿದು ಮೇಲೆ ಬಂತು. ಅದು 10ಕ್ಕಿಂತ ಕೆಳಗೆ ಬೀಳದಿದ್ದರೆ ಭಯವಿಲ್ಲ. ಹಾಗಾದರೆ ಸೆಲ್ಫ್ ಮೋಟರ್ ಸರಿ ಇದೆ.

ಈಗ ಎಂಜಿನ್ ಓಡುತ್ತಿದೆ. ಆಕ್ಸಿಲರೇಟರ್ ಕೊಟ್ಟರೆ ಬ್ಯಾಟರಿಯ ಮೇಲಿನ ವೋಲ್ಟೇಜ್ ಏರಬೇಕು, 13.8ರಿಂದ 14.5ರ ಒಳಗೆ ಬಂದು ನಿಲ್ಲಬೇಕು. ಅಲ್ಲಿ ನಿಂತರೆ ಮನೆಗೆ ದುಡಿದು ತರುವವನು ಇದ್ದಾನೆ ಅಂತ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ, ಬಲ್ಬುಗಳೂ ಪದೇ ಪದೇ ಹೋಗುತ್ತಿರುತ್ತವೆ. ನಮ್ಮದರಲ್ಲಿ ಹೆಡ್‌ಲೈಟ್ ಆರಿಸಿದ್ದಾಗ 12.9. ಹೆಡ್‌ಲೈಟ್ ಹಾಕಿದೆ, 12.3. ಆಕ್ಸಿಲರೇಟರ್ ಎಷ್ಟು ಕೊಟ್ಟರೂ 12.3. ಮುಳ್ಳು ಹೊರಗಿನ ಕಡೆ ವಾಲಿದ ಹಾಗೆ.

ಅಲ್ಲಿ ನನಗೆ ಎಲ್ಲ ತಿಳಿಯಿತು. ನಾನು ಗಾಡಿ ನೋಡಿದ್ದು ಹಗಲಿನಲ್ಲಿ, ಅಂಗಡಿಯ ಮುಂದೆ, ಹೆಡ್‌ಲೈಟ್ ಆರಿಸಿ. ಅವರು ಓಡಿಸುತ್ತಿದ್ದದ್ದು ಕತ್ತಲಲ್ಲಿ, ಹೆಡ್‌ಲೈಟ್ ಹಾಕಿ. ಹಗಲು ಓಡಿಸುವ ಗುಮಾಸ್ತರ ಗಾಡಿಯಾಗಿದ್ದರೆ ಇನ್ನೂ ಅರ್ಧ ವರ್ಷ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸ ಬ್ಯಾಟರಿ ಬಂದಾಗ ತುಂಬಿದ ಕೊಡ. ಅದರಿಂದ ದಿನಾ ಒಂದೊಂದು ಚೊಂಬು ತೆಗೆದು, ಅರ್ಧ ಚೊಂಬು ತುಂಬುತ್ತಿದ್ದರೆ ಎರಡು ತಿಂಗಳು ತಡೆಯುತ್ತದೆ. ಆಮೇಲೆ ಕೊಡ ಖಾಲಿ. ನಾನು ಕೊಡವನ್ನೇ ಬದಲಾಯಿಸುತ್ತಿದ್ದೆ.

ಇನ್ನು ಕೊಳಾಯಿ ಎಲ್ಲಿ ಕಟ್ಟಿದೆ ಅಂತ ನೋಡಬೇಕು. ಎಂಜಿನ್ನಿನ ಎಡಗಡೆ ಮುಚ್ಚಳದೊಳಗೆ ಆಯಸ್ಕಾಂತದ ಬಟ್ಟಲೊಂದು ತಿರುಗುತ್ತದೆ. ಅದರ ನಡುವೆ ತಾಮ್ರದ ಸುರುಳಿಗಳು ಅಲುಗಾಡದೆ ಕೂತಿರುತ್ತವೆ. ಪುಸ್ತಕದಲ್ಲಿ ಸ್ಟೇಟರ್, ನಮ್ಮ ಬಾಯಲ್ಲಿ ಮ್ಯಾಗ್ನೆಟ್ ಕಾಯಿಲ್. ಮೇಷ್ಟ್ರು ಕೈಯಲ್ಲಿ ತಳ್ಳಿ ಎಳೆದದ್ದನ್ನು ಇಲ್ಲಿ ಎಂಜಿನ್ ನಿಮಿಷಕ್ಕೆ ಸಾವಿರಾರು ಸಲ ಮಾಡುತ್ತದೆ. ಮುಳ್ಳು ಆ ಕಡೆ ಈ ಕಡೆ ವಾಲಿತಲ್ಲ, ಅದೇ ಎಸಿ. ಬ್ಯಾಟರಿಗೆ ಬೇಕಾದದ್ದು ಒಂದೇ ಕಡೆಯ ಹರಿವು, ಡಿಸಿ. ಅದನ್ನು ತಿರುಗಿಸಿ, ಮಿತಿಯಲ್ಲಿ ಹಿಡಿದು ಕೊಡುವುದು ರೆಗ್ಯುಲೇಟರ್. ಅದರ ಮೈಮೇಲೆ ಅಲ್ಯೂಮಿನಿಯಂ ರೆಕ್ಕೆಗಳಿರುತ್ತವೆ, ಬಿಸಿ ಹೊರಗೆ ಹೋಗಲಿ ಅಂತ. ಅದನ್ನು ಮಣ್ಣು ಮೆತ್ತಿಕೊಳ್ಳಲು ಬಿಡಬೇಡಿ.

ಕಾಯಿಲ್ಲಿನಿಂದ ರೆಗ್ಯುಲೇಟರಿಗೆ ಬರುವ ಕಪ್ಲರ್ ಬಿಚ್ಚಿದೆ. ಆ ಗಾಡಿಯಲ್ಲಿ ಮೂರು ಹಳದಿ ವೈರು. ಮೀಟರನ್ನು ಎಸಿಗೆ ತಿರುಗಿಸಿ, ಎಂಜಿನ್ ಓಡಿಸಿ, ಎರಡೆರಡು ವೈರಿನ ಮೂರು ಜೋಡಿಯನ್ನೂ ಅಳೆದೆ. ಮೂರರಲ್ಲೂ ಒಂದೇ ಓದು ಬರಬೇಕು, ಆಕ್ಸಿಲರೇಟರ್ ಜೊತೆಗೆ ಮೂರೂ ಸಮವಾಗಿ ಏರಬೇಕು. ಒಂದು ಜೋಡಿ ಸರಿಯಾಗಿ ಏರಿತು. ಎರಡು ಜೋಡಿ ಸೋತವು. ಆ ಎರಡರಲ್ಲೂ ಇದ್ದ ವೈರು ಒಂದೇ. ಎಂಜಿನ್ ನಿಲ್ಲಿಸಿ, ಆ ವೈರಿನಿಂದ ಎಂಜಿನ್ ಮೈಗೆ ಮೀಟರ್ ಹಿಡಿದರೆ ಪೀಂ ಅಂದಿತು. ಅನ್ನಬಾರದು. ಕಾಯಿಲ್ ಎಲ್ಲೋ ಅರ್ತ್ ಆಗಿದೆ. ಮುಚ್ಚಳ ತೆಗೆದೆ. ಒಂದು ಕಡೆಯ ಸುರುಳಿಗಳ ಮೇಲಿನ ಅರಗು ಸುಟ್ಟು ಇದ್ದಿಲಿನ ಹಾಗೆ ಕಪ್ಪಾಗಿತ್ತು, ಕಮಟು ವಾಸನೆ. ಎಲ್ಲಕ್ಕೂ ಸೇರಿ ಮುಕ್ಕಾಲು ಗಂಟೆ ಆಗಿತ್ತು. ಮಾರ್ಚ್‌ನಲ್ಲಿ ಈ ಮುಕ್ಕಾಲು ಗಂಟೆ ಕೊಟ್ಟಿದ್ದರೆ!

ಸಂಜೆ ಹೊತ್ತಿಗೆ ಬೇರೆ ಕಾಯಿಲ್ ಹಾಕಿದೆ. ಹೆಡ್‌ಲೈಟ್ ಹಾಕಿ, ಆಕ್ಸಿಲರೇಟರ್ ಕೊಟ್ಟರೆ 14.2. ರಾತ್ರಿ, ಮೂಲೆಯ ಬ್ಯಾಟರಿಯನ್ನು ಚಾರ್ಜಿನಿಂದ ತೆಗೆದು ಮಾರನೇ ಬೆಳಿಗ್ಗೆ ಅಳೆದೆ. 12.7. ಅದಕ್ಕೆ ಯಾವ ರೋಗವೂ ಇರಲಿಲ್ಲ. ಗುಜರಿಗೆ ಹೋದ ಮೊದಲನೆಯದರಲ್ಲೂ ಜೀವ ಇತ್ತೋ ಏನೋ, ಅದನ್ನು ಕೇಳುವ ಹಾಗಿಲ್ಲ. ಎರಡನೇ ಬ್ಯಾಟರಿಯ ಹಣ ವಾಪಸ್ ಕೊಟ್ಟೆ. ಹಬ್ಬದ ನಷ್ಟವನ್ನು ತುಂಬುವಷ್ಟು ಹಣ ಆಗ ನನ್ನಲ್ಲಿ ಇರಲಿಲ್ಲ. ಎರಡು ವರ್ಷ ಅವರ ಗಾಡಿಯ ಸರ್ವಿಸಿಗೆ ಕೂಲಿ ತೆಗೆದುಕೊಳ್ಳಲಿಲ್ಲ. ಅದು ಸರಿಹೋಯಿತು ಅಂತ ನಾನು ಹೇಳಲಾರೆ. ಅವರ ಹೆಂಡತಿ ಮಾತ್ರ ಅಂಗಡಿಯ ಮುಂದೆ ಹೋದಾಗಲೆಲ್ಲ, ‘ಅಳೆದು ನೋಡಿದ್ರಾ ಅಣ್ಣ?’ ಅಂತ ರೇಗಿಸುತ್ತಿದ್ದರು. ಮೊಳ ಹಾಕಿ ಹೂವು ಅಳೆಯುವವರು, ಅವರಿಗೆ ಆ ಹಕ್ಕಿತ್ತು.

ಆಮೇಲೆ ಅಳೆಯುವುದು ಚಟವೇ ಆಯಿತು. ಕೆಂಗೇರಿ ಉಪನಗರದಿಂದ ಒಬ್ಬ ಟೀಚರಮ್ಮನ ಸ್ಕೂಟರ್ ಬಂತು. ಬೇರೆ ಕಡೆ ಬ್ಯಾಟರಿ, ಸೆಲ್ಫ್ ಮೋಟರ್ ಎರಡೂ ಬದಲಾಗಿದ್ದವು. ಬ್ಯಾಟರಿ 12.6, ಆದರೂ ಸೆಲ್ಫ್ ಮುಲುಗುತ್ತಿತ್ತು. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಮೈಗೆ ಇಟ್ಟು ಸೆಲ್ಫ್ ಒತ್ತಿದೆ. ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಇರಬೇಕು, 2 ವೋಲ್ಟ್ ಬಂತು. ಮಳೆ ನೀರಿಗೆ ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿದಿತ್ತು. ಉಪ್ಪುಕಾಗದ ಹಾಕಿ ಉಜ್ಜಿ ಬಿಗಿ ಮಾಡಿದ್ದಷ್ಟೇ ಕೆಲಸ.

ಬಸವೇಶ್ವರನಗರದ ಒಂದು ಹುಡುಗನ ಗಾಡಿ ಶನಿವಾರ ನಿಲ್ಲಿಸಿದರೆ ಸೋಮವಾರ ಏಳುತ್ತಿರಲಿಲ್ಲ. ಕಳ್ಳತನ ತಡೆಯಲು ಹಾಕಿಸಿದ್ದ ಅಲಾರಂ ಬೀಗ ಹಾಕಿದ ಮೇಲೂ 50 ಮಿಲಿ ಆಂಪಿಯರ್ ಕುಡಿಯುತ್ತಿತ್ತು. ಹತ್ತನೇ ತರಗತಿಯವರೇ, ಲೆಕ್ಕ ಮಾಡಿ: 0.05 ಆಂಪಿಯರ್, 24 ಗಂಟೆ. ದಿನಕ್ಕೆ 1.2 ಆಂಪಿಯರ್ ಅವರ್. ಬ್ಯಾಟರಿ ಇರುವುದೇ 5 ಆಂಪಿಯರ್ ಅವರ್. ಎರಡು ದಿನಕ್ಕೆ ಅರ್ಧ ಖಾಲಿ. ಗಣಿತದಲ್ಲಿ ನಪಾಸಾದವನು ಇದನ್ನು ಹೇಳುತ್ತಿದ್ದೇನೆ, ನಗಬೇಡಿ.

ಈಗ ನನ್ನ ಅಂಗಡಿಗೆ ಹೆಚ್ಚು ಬರುವವರು ಮನೆಮನೆಗೆ ಊಟ, ಪಾರ್ಸೆಲ್ ಕೊಡುವ ಹುಡುಗರು. ಅವರಲ್ಲಿ ಈ ಶಾಲೆಯವರೂ ಇದ್ದಾರೆ. ಅವರ ಕಷ್ಟ ಬೇರೆ ಥರ. ಅರ್ಧ ಮೈಲಿ ಓಡಿಸು, ಆಫ್ ಮಾಡು, ಮೆಟ್ಟಿಲು ಹತ್ತು, ಮತ್ತೆ ಸೆಲ್ಫ್. ಒಂದು ಸಲ ಸೆಲ್ಫ್ ತಿಂದದ್ದನ್ನು ತುಂಬಲು ಗಾಡಿ ಕೆಲವು ನಿಮಿಷ ಓಡಬೇಕು, ಅವರಿಗೆ ಅಷ್ಟು ದೂರವೇ ಸಿಗುವುದಿಲ್ಲ. ಸುಮನಹಳ್ಳಿ ಸಿಗ್ನಲ್‌ನಲ್ಲಿ ಐಡ್ಲಿಂಗ್‌ನಲ್ಲಿ ನಿಂತಾಗ ಕಾಯಿಲ್ ದುಡಿಯುವುದು ಬಹಳ ಕಡಿಮೆ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತದೆ, ಆರಿಸುವ ಸ್ವಿಚ್ಚೇ ಇಲ್ಲ. ಅದರ ಮೇಲೆ ಫೋನ್ ಚಾರ್ಜರ್, ಎರಡು ಫಾಗ್ ಲ್ಯಾಂಪ್, ಜೋರು ಹಾರ್ನ್. ಸಂಬಳ ಅಷ್ಟೇ, ಖರ್ಚು ದುಪ್ಪಟ್ಟು. ನಾನು ಅವರಿಗೆ ಹೇಳುವುದು: ವಾರಕ್ಕೊಮ್ಮೆ ಗಾಡಿಯನ್ನು ನೈಸ್ ರಸ್ತೆಯ ಕಡೆಗೋ ಎಲ್ಲಿಗೋ ಒಂದು ಅರ್ಧ ಗಂಟೆ ನಿಲ್ಲಿಸದೆ ಓಡಿಸಿ, ಇಲ್ಲವೇ ನನ್ನ ಅಂಗಡಿಯಲ್ಲಿ ರಾತ್ರಿ ಚಾರ್ಜಿಗೆ ಬಿಟ್ಟುಹೋಗಿ. ಕಿಕ್ಕರ್ ಇದ್ದರೆ ಬೆಳಗ್ಗೆ ಮೊದಲ ಸಲ ಕಿಕ್ಕರ್ ಹೊಡೆಯಿರಿ, ಕಾಲು ಸವೆಯುವುದಿಲ್ಲ.

ಇನ್ನೊಂದು ಮಾತು, ಗ್ಯಾರೇಜಿಗೆ ಹೋಗುವ ಆಸೆ ಇರುವವರಿಗೆ. ಎಂಜಿನ್ ಓಡುವಾಗ ಬ್ಯಾಟರಿಯ ವೈರು ಕಿತ್ತು, ‘ಆಫ್ ಆಗಲಿಲ್ಲ, ಚಾರ್ಜಿಂಗ್ ಇದೆ’ ಅನ್ನುವ ಹಳೇ ಪರೀಕ್ಷೆ ಒಂದಿದೆ. ಉಸ್ತಾದರ ಕಾಲದ ಗಾಡಿಗೆ ನಡೆಯುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ನೆಗೆದು ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಡಬ್ಬವನ್ನೇ ಸುಡಬಹುದು, ಬ್ಯಾಟರಿಗಿಂತ ಎಷ್ಟೋ ಪಟ್ಟು ಬೆಲೆ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಹಳೆ ಬ್ಯಾಟರಿಯನ್ನು ಮನೆಯಲ್ಲಿ ಒಡೆದು ಸೀಸ ತೆಗೆಯುವ ಹುಡುಗರನ್ನು ನೋಡಿದ್ದೇನೆ. ಸೀಸ ವಿಷ, ಮಕ್ಕಳ ಮಿದುಳಿಗೆ ಮೊದಲು ಹೋಗುತ್ತದೆ. ಅಂಗಡಿಗೇ ವಾಪಸ್ ಕೊಡಿ, ತೆಗೆದುಕೊಳ್ಳಬೇಕು ಅಂತ 2001ರಲ್ಲೇ ಕಾನೂನು ಬಂದಿತ್ತು, ಬೆಲೆಯನ್ನೂ ಮುರಿದುಕೊಳ್ಳುತ್ತಾರೆ.

ಮೇಡಂ ಗಡಿಯಾರ ನೋಡುತ್ತಿದ್ದಾರೆ. ಬೆಳಗ್ಗೆ ಬಂದಾಗ ವಿಜ್ಞಾನದ ಬೀರು ತೆಗೆಸಿ ನೋಡಿದೆ. ಮೇಷ್ಟ್ರ ಗ್ಯಾಲ್ವನೋಮೀಟರ್ ಅಲ್ಲೇ ಇದೆ. ಒಂದು ಟರ್ಮಿನಲ್ ಸಡಿಲವಾಗಿತ್ತು, ಬಿಗಿ ಮಾಡಿದ್ದೇನೆ. ಮುಳ್ಳು ಆಡುತ್ತದೆ. ಅದರ ಪಕ್ಕದಲ್ಲಿ 10 ಮಲ್ಟಿಮೀಟರ್ ಇಟ್ಟಿದ್ದೇನೆ, 300 ರೂಪಾಯಿಯ ಸಾದಾ ಮೀಟರ್‌ಗಳು, ಡಬ್ಬದಲ್ಲೇ ಇಟ್ಟು ಧೂಳು ಹಿಡಿಸಬೇಡಿ. ನನ್ನ ಗಾಡಿ ಧ್ವಜಸ್ತಂಭದ ಹತ್ತಿರ ನಿಂತಿದೆ. ಸೀಟು ಬಿಚ್ಚಿಟ್ಟಿದ್ದೇನೆ, ಒಂದು ತೊಂದರೆಯನ್ನೂ ಬೇಕಂತಲೇ ಮಾಡಿಟ್ಟಿದ್ದೇನೆ. ಯಾವ ವೈರು ಅಂತ ಹುಡುಕಬೇಕು. ಎಂಟನೇ ತರಗತಿಯವರು ಮೊದಲು ಬನ್ನಿ, ಒಬ್ಬೊಬ್ಬರೇ, ತಳ್ಳಾಡಬೇಡಿ.